ಬೀಗದ ಕೈ ಬಿಡಲು ನಾಲ್ಕು ವಾರ ಬೇಕಾಯಿತು

ನಮ್ಮ ಕಾನ್ವೆಂಟುಗಳ ಮುಖ್ಯಸ್ಥೆ ಪ್ರೊವಿನ್ಶಿಯಲ್ ಮದರ್ ಫೋನ್ ಮಾಡಿದಾಗ ನಾನು ಡಿಸ್ಪೆನ್ಸರಿಯ ಲಸಿಕೆ ಫ್ರಿಜ್ ಮುಂದೆ ನಿಂತಿದ್ದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅದರ ತಾಪಮಾನ ನೋಡಿ ಚಾರ್ಟಿನಲ್ಲಿ ಬರೆಯಬೇಕು. 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ಒಂಬತ್ತು ವರ್ಷ ಆ ಚಾರ್ಟಿನಲ್ಲಿ ಹೆಚ್ಚುಕಮ್ಮಿ ನನ್ನದೇ ಅಕ್ಷರ.

"ಸಿಸ್ಟರ್, ನಿಮ್ಮನ್ನು ಜರ್ಮನಿಗೆ ಕಳಿಸೋಣ ಅಂತ ಕೌನ್ಸಿಲ್‌ನಲ್ಲಿ ತೀರ್ಮಾನ ಆಗಿದೆ. ಅಲ್ಲಿ ವಯಸ್ಸಾದವರ ಮನೆ. ನರ್ಸ್ ಬೇಕಂತೆ."

"ಆಗಲಿ ಮದರ್" ಅಂದೆ. ನಮ್ಮದು ವಿಧೇಯತೆಯ ವ್ರತ. ಬಾಯಿಂದ ಆ ಮಾತು ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಮನಸ್ಸು ಮಾತ್ರ ಒಪ್ಪಲಿಲ್ಲ. ಆ ರಾತ್ರಿ ಪ್ರಾರ್ಥನೆಗೆ ಕೂತರೆ ಬರೀ ಸಿಟ್ಟು ಬರುತ್ತಿತ್ತು.

ನಾನು ಮಂಗಳೂರು ಕಡೆಯವಳು. ಧರ್ಮಭಗಿನಿ, ಜೊತೆಗೆ ನರ್ಸ್. ಟಾಂಜಾನಿಯಾದಲ್ಲಿ, ವಿಕ್ಟೋರಿಯಾ ಸರೋವರದ ದಕ್ಷಿಣ ದಡದ ಮ್ವಾನ್ಜಾ ನಗರದಿಂದ ಬಸ್ಸಿನಲ್ಲಿ ಅರ್ಧ ದಿನ ದೂರದ ಹಳ್ಳಿಯ ಡಿಸ್ಪೆನ್ಸರಿ ನಮ್ಮದು. ಸುಕುಮಾ ಜನರ ಊರು. ಮಲೇರಿಯಾ, ಹೆರಿಗೆ, ಮಕ್ಕಳ ಲಸಿಕೆ. ದಿನಾ ಇದೇ ಕೆಲಸ.

ಅಲ್ಲಿ ಹೋದ ಮೊದಲ ವರ್ಷದ ಒಂದು ತಪ್ಪು ಹೇಳಲೇಬೇಕು. ಮಲೇರಿಯಾ ಆದ ಮಗುವಿಗೆ ಮೂರು ದಿನಕ್ಕೆ ಆರು ಡೋಸ್ ಕೊಡಬೇಕು. ಮೊದಲನೆಯದು ಆಗಿ 8 ಗಂಟೆಗೆ ಎರಡನೆಯದು. ಅವತ್ತು ಬೆಳಗ್ಗೆ ಹತ್ತಕ್ಕೆ ಮೊದಲ ಡೋಸ್ ನಾನೇ ಕುಡಿಸಿದೆ. ಇನ್ನೊಂದು ಸಂಜೆ ಆರಕ್ಕೆ ಅಂತ ತಾಯಿಗೆ ಹೇಳಬೇಕಿತ್ತು. ಸ್ವಾಹಿಲಿಯಲ್ಲಿ ಗಂಟೆಗೆ 'ಸಾ', ಆರಕ್ಕೆ 'ಸಿತಾ'. "ಸಾ ಸಿತಾ" ಅಂದೆ. ಆಕೆ ತಲೆಯಾಡಿಸಿ ಹೊರಟಳು. ಪಕ್ಕದಲ್ಲಿದ್ದ ಅಲ್ಲಿನ ನರ್ಸ್ ಕೈಲಿದ್ದ ಹತ್ತಿ ಅಲ್ಲೇ ಬಿಟ್ಟು ಆಕೆಯ ಹಿಂದೆ ಓಡಿದರು. ಆ ಜನ ಗಂಟೆಯನ್ನು ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ. ನಮಗೆ ಬೆಳಗ್ಗೆ ಏಳು ಆದರೆ ಅವರಿಗೆ ಒಂದು. ಹಾಗಾಗಿ 'ಸಾ ಸಿತಾ' ಅಂದರೆ ಮಧ್ಯಾಹ್ನ ಹನ್ನೆರಡು. ನಾನು ಹೇಳಿದ ಹಾಗೆ ಮಾಡಿದ್ದರೆ ಆ ಮಗುವಿಗೆ ಎರಡೇ ಗಂಟೆಯಲ್ಲಿ ಎರಡು ಡೋಸ್ ಹೋಗುತ್ತಿತ್ತು.

ಪದ ನನಗೆ ಗೊತ್ತಿತ್ತು. ಗಡಿಯಾರ ಗೊತ್ತಿರಲಿಲ್ಲ. ಅವತ್ತಿನಿಂದ ಹೊತ್ತು ಹೇಳುವಾಗ "ಸೂರ್ಯ ಎಲ್ಲಿರುವಾಗ ಕೊಡ್ತೀಯಮ್ಮಾ, ಕೈ ಮಾಡಿ ತೋರಿಸು" ಅಂತ ಕೇಳುವುದು ರೂಢಿ ಮಾಡಿಕೊಂಡೆ.

ಹೀಗೆ ಕಲಿತು ಕಲಿತು ಆ ಜಾಗ ನನ್ನದೇ ಆಗಿಹೋಯಿತು. ಅದಕ್ಕೇ ಮಾರನೆಯ ದಿನ ಮದರ್‌ಗೆ ಮತ್ತೆ ಫೋನ್ ಮಾಡಿದೆ. ಯಾಕೆ ನಾನು, ಎಷ್ಟು ವರ್ಷ, ಇಲ್ಲಿಗೆ ಬದಲಿಗೆ ಯಾರು ಬರುತ್ತಾರೆ ಅಂತ ನೇರವಾಗಿ ಕೇಳಿದೆ. ಕೇಳಿದರೆ ವ್ರತ ಮುರಿದ ಹಾಗೆ ಅಂತ ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮದರ್ ಬೇಜಾರು ಮಾಡಿಕೊಳ್ಳಲಿಲ್ಲ. ಜರ್ಮನಿಯಲ್ಲಿ ಕಾನ್ವೆಂಟಿಗೆ ಸೇರುವ ಹುಡುಗಿಯರು ತುಂಬಾ ಕಡಿಮೆ, ಇರುವವರಿಗೆ ವಯಸ್ಸಾಗಿದೆ ಅಂದರು. ಬದಲಿಗೆ ಭಾರತದಿಂದ ಯಾರೂ ಬರುವುದಿಲ್ಲವಂತೆ. "ಅಲ್ಲಿನ ನರ್ಸ್ ಇದ್ದಾರಲ್ಲ, ಅವರೇ ನೋಡಿಕೊಳ್ತಾರೆ."

"ಅವರಿಗೆ ಸ್ಟೋರ್ ಎಲ್ಲಾ ಗೊತ್ತಿಲ್ಲ ಮದರ್" ಅಂದೆ.

"ಒಂಬತ್ತು ವರ್ಷ ಆದರೂ ಗೊತ್ತಿಲ್ವಾ?"

ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟು ಸ್ಟೋರಿಗೆ ಹೋಗಿ ಅಲಮಾರಿ ತೆಗೆದೆ. ಡಬ್ಬಿಗಳ ಮುಚ್ಚಳದ ಮೇಲೆಲ್ಲ ನಾನು ಗುರುತಿಗೆ ಬರೆದುಕೊಂಡದ್ದು ಕನ್ನಡದಲ್ಲಿ. 'ಜ್ವರ, ಚಿಕ್ಕ ಮಕ್ಕಳು.' 'ಹೆರಿಗೆ ಕೋಣೆಗೆ.' 'ಮೊದಲು ಇದನ್ನು ಮುಗಿಸಬೇಕು.' ಆ ಊರಿನಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಅವಸರಕ್ಕೆ ಬರೆದದ್ದು ಹಾಗೇ ಉಳಿದಿತ್ತು. ಒಂದು ಡಬ್ಬಿ ಬೇಕಾದರೂ ಆ ನರ್ಸ್ ನನ್ನನ್ನು ಕರೆಯಬೇಕಿತ್ತು. ನಾನು ಅದನ್ನೇ ಜವಾಬ್ದಾರಿ ಅಂದುಕೊಂಡಿದ್ದೆ.

ಹೊರಡಲು ಆರು ವಾರ ಇತ್ತು. ದಿನಾ ರೋಗಿಗಳೆಲ್ಲ ಹೋದ ಮೇಲೆ ನಾವಿಬ್ಬರೂ ಒಂದೊಂದು ಖಾನೆ ಖಾಲಿ ಮಾಡಿದೆವು. ಹಳೆಯ ಚೀಟಿ ನಾನು ಕೀಳುತ್ತಿದ್ದೆ. ಹೊಸದನ್ನು ಅವರು ತಮ್ಮ ಕೈಯಲ್ಲೇ ಸ್ವಾಹಿಲಿಯಲ್ಲಿ ಬರೆದರು. ನಾನು ರೋಗಕ್ಕೆ ತಕ್ಕ ಹಾಗೆ ಜೋಡಿಸಿದ್ದೆ, ಅವರು ಅವಧಿ ಮುಗಿಯುವ ತಿಂಗಳಿಗೆ ತಕ್ಕ ಹಾಗೆ ಇಟ್ಟರು. ಅದೇ ಸರಿ ಇತ್ತು. ಎರಡನೇ ವಾರ ಬೀಗದ ಕೈ ಗೊಂಚಲು ಅವರಿಗೆ ಕೊಟ್ಟೆ. ಸಂಜೆ ಅವರು ಅದನ್ನು ಎಂದಿನ ಹಾಗೆ ನನ್ನ ಮೇಜಿನ ಮೇಲಿಟ್ಟು ಹೋದರು. ಮತ್ತೆ ಕೊಟ್ಟೆ, ಮತ್ತೆ ಇಟ್ಟರು. ನಾಲ್ಕನೇ ವಾರ ಇರಬೇಕು, ಒಂದು ಸಂಜೆ ಮೇಜಿನ ಮೇಲೆ ಗೊಂಚಲು ಕಾಣಲಿಲ್ಲ. ಅವರು ಮನೆಗೆ ತೆಗೆದುಕೊಂಡು ಹೋಗಿದ್ದರು. ನಾನು ವರ್ಗಾವಣೆಯನ್ನು ನಿಜವಾಗಿ ಒಪ್ಪಿಕೊಂಡದ್ದು ಆ ಸಂಜೆ.

ಬೀಳ್ಕೊಟ್ಟ ದಿನದ ಬಗ್ಗೆ ಜಾಸ್ತಿ ಬರೆಯಲಾರೆ. ಒಬ್ಬ ಅಜ್ಜಿ ಬಟ್ಟೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟು "ಪೋಲೆ" ಅಂದರು. ನೋವಿನಲ್ಲಿ ಇರುವವರಿಗೆ ಅಲ್ಲಿ ಹೇಳುವ ಮಾತು ಅದು.

ವಿಮಾನದಲ್ಲಿ ಕೂತಾಗ ನೆನಪಾದದ್ದು ಮಂಗಳೂರಿನ ಕಂಕನಾಡಿ. 1880ರಲ್ಲಿ ಅಲ್ಲಿ ಆಲದ ಮರದ ಕೆಳಗೆ ಔಷಧಿ ಕೊಡಲು ಶುರು ಮಾಡಿದ ಫಾದರ್ ಮುಲ್ಲರ್ ಜರ್ಮನಿಯವರು. ಅದಕ್ಕೂ ಮೊದಲೇ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿದ್ದರು. ಆ ದೇಶಗಳಿಂದ ನಮ್ಮೂರಿಗೆ ಬಂದವರ ಕಥೆ ಕೇಳುತ್ತಲೇ ಬೆಳೆದವಳು ನಾನು. ಅಂಥವರನ್ನು ಕಳಿಸಿದ ಊರುಗಳಿಗೂ ವಯಸ್ಸಾಗುತ್ತದೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಜರ್ಮನಿಯಲ್ಲಿ ನರ್ಸ್ ಅಂತ ಮಾನ್ಯತೆ ಸಿಗಬೇಕಾದರೆ ಜರ್ಮನ್ ಭಾಷೆಯಲ್ಲಿ ಬಿ2 ಅನ್ನುವ ಮೇಲ್ಮಧ್ಯಮ ಹಂತ ಪಾಸಾಗಬೇಕು. ಅಲ್ಲಿಯವರೆಗೆ ಸಹಾಯಕಿ. ಕತ್ತಲಲ್ಲಿ ಟಾರ್ಚ್ ಹಿಡಿದು ಹೆರಿಗೆ ಮಾಡಿಸಿದವಳು ಇಲ್ಲಿ ಇಂಜೆಕ್ಷನ್ ಮುಟ್ಟುವಂತಿಲ್ಲ. ಮೊದಲ ತಿಂಗಳು ಅದು ತುಂಬಾ ಚುಚ್ಚಿತು. ನನ್ನ ಕೆಲಸ ಸ್ನಾನ ಮಾಡಿಸುವುದು, ಸಂಜೆಯ ಬ್ರೆಡ್ಡಿಗೆ ಬೆಣ್ಣೆ ಸವರಿ ಹಲ್ಲಿಲ್ಲದವರಿಗೆ ಸಣ್ಣ ಸಣ್ಣ ತುಂಡು ಮಾಡಿಕೊಡುವುದು. ಮರೆವಿನ ಕಾಯಿಲೆ ಇರುವ ಒಬ್ಬ ಹಿರಿಯ ಸಿಸ್ಟರ್ ಯಾರಿಗೂ ಮುಖ ಒರೆಸಲು ಬಿಡುತ್ತಿರಲಿಲ್ಲ. ಒಂದು ದಿನ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಅವರ ಕೈಗೇ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತೆ. ಸುಮಾರು ಹೊತ್ತಾದ ಮೇಲೆ ಅವರು ಮೊದಲು ನನ್ನ ಮುಖ ಒರೆಸಿದರು. ಆಮೇಲೆ ತಮ್ಮದು.

ಇಲ್ಲಿನ ಗಡಿಯಾರದ ಮಾತೂ ಬೇರೆ. 'ಹಾಲ್ಪ್ ದ್ರೈ' ಅಂದರೆ ಪದಕ್ಕೆ ಪದ ಅರ್ಧ ಮೂರು. ಅದು ಮೂರೂವರೆ ಅಲ್ಲ, ಎರಡೂವರೆ. ಪಾಳಿ ಬದಲಾಗುವಾಗ ಅದನ್ನು ಮೊದಲ ಸಲ ಕೇಳಿದ ದಿನ ನಾನು ಊಹೆ ಮಾಡಲಿಲ್ಲ. ಚೀಟಿಯಲ್ಲಿ 14:30 ಅಂತ ಬರೆದು "ಇದೇ ತಾನೇ?" ಅಂತ ತೋರಿಸಿದೆ. ಈಗಲೂ ಬರೆದು ತೋರಿಸುತ್ತೇನೆ.

ಹಳ್ಳಿಯ ಆ ನರ್ಸ್ ಶುರುವಿನಲ್ಲಿ ಪ್ರತಿ ವಾರ ವಾಟ್ಸ್ಆ್ಯಪ್‌ನಲ್ಲಿ ಫ್ರಿಜ್ ಚಾರ್ಟಿನ ಫೋಟೋ ಕಳಿಸುತ್ತಿದ್ದರು. 4 ಡಿಗ್ರಿ, 5 ಡಿಗ್ರಿ, ಎಲ್ಲಾ ಅವರದೇ ಅಕ್ಷರ. ಎರಡು ತಿಂಗಳಿಂದ ಫೋಟೋ ಬಂದಿಲ್ಲ. ನಾನೂ ಕೇಳಿಲ್ಲ.