ಎಜ್‌ವೇರ್ ರೋಡಿನಲ್ಲಿ ಒಂದು ಮೆಜ್ಜೆ ಊಟ

ಲೆಬನೀಸ್ ಊಟಕ್ಕೆ ಒಬ್ಬರೇ ಹೋಗಬೇಡಿ. ಕಡಲೆ ವಡೆಯಂಥ ಫಲಾಫೆಲ್ ಇಟ್ಟ ರೋಲ್ ಕಟ್ಟಿಸಿಕೊಂಡು ಬರೋದಾದರೆ ಬೇರೆ ವಿಷಯ, ಆದರೆ ಕೂತು ತಿನ್ನುವ ಊಟಕ್ಕೆ ಕಡಿಮೆ ಅಂದರೂ ನಾಲ್ಕು ಜನ ಬೇಕು. ಅವರ ಮೆಜ್ಜೆ ಕ್ರಮವೇ ಹಾಗೆ, ಸಣ್ಣ ಸಣ್ಣ ತಟ್ಟೆಗಳು ಮೇಜಿನ ತುಂಬಾ ಬರುತ್ತವೆ, ಯಾವುದೂ ಯಾರೊಬ್ಬರದ್ದೂ ಅಲ್ಲ.

ಹೋದ ಶುಕ್ರವಾರ ನಾವು ಐದು ಜನ ಲಂಡನ್ನಿನ ಎಜ್‌ವೇರ್ ರೋಡಿಗೆ ಹೋಗಿದ್ದೆವು. ಮಾರ್ಬಲ್ ಆರ್ಚ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು, ಅರೇಬಿಕ್ ಬೋರ್ಡುಗಳು, ಜ್ಯೂಸ್ ಅಂಗಡಿಗಳು, ಹೊರಗೆ ಕುರ್ಚಿ ಹಾಕಿಕೊಂಡು ಶೀಶಾ (ಹುಕ್ಕಾ) ಎಳೆಯುವವರು ಕಾಣುತ್ತಾರೆ. 1975ರಿಂದ 1990ರವರೆಗೆ ಲೆಬನಾನಿನಲ್ಲಿ ಅಂತರ್ಯುದ್ಧ ನಡೆದಾಗ ಊರು ಬಿಟ್ಟು ಬಂದ ಎಷ್ಟೋ ಜನ ಈ ಸುತ್ತಮುತ್ತ ನೆಲೆ ನಿಂತರು. ನಮ್ಮ ಗೆಳತಿಯೊಬ್ಬಳ ಅಪ್ಪ ಅಮ್ಮನೂ ಆಗ ಬೈರೂತ್‌ನಿಂದ ಬಂದವರೇ. ಹಾಗಾಗಿ ಮೆನು ಅವಳ ಕೈಗೆ ಕೊಟ್ಟು ನಾವು ಸುಮ್ನೆ ಕೂತೆವು.

ಮೊದಲು ತಣ್ಣಗಿನವು ಬಂದವು. ಕಾಬೂಲಿ ಕಡಲೆ ರುಬ್ಬಿ ಮಾಡಿದ ಹಮ್ಮಸ್, ಸುಟ್ಟ ಬದನೆಕಾಯಿಗೆ ಎಳ್ಳಿನ ತಾಹಿನಿ ಕಲಸಿದ ಮುತಬಲ್, ಗಟ್ಟಿ ಮೊಸರಿನ ಲಬ್ನೆ, ಗರಿಗರಿ ರೊಟ್ಟಿ ಚೂರು ಹಾಕಿ ಹುಳಿಹುಳಿ ಸುಮಾಕ್ ಪುಡಿ ಉದುರಿಸಿದ ಫತ್ತೂಶ್. ತಬ್ಬೂಲೆ ಅಂತೂ ಪೂರ್ತಿ ಹಸಿರು, ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪೇ ಜಾಸ್ತಿ, ಗೋಧಿ ನುಚ್ಚು ಬರೀ ಹೆಸರಿಗೆ. ಸೂಪರ್ ಮಾರ್ಕೆಟ್ ಡಬ್ಬಿಗಳಲ್ಲಿ ನುಚ್ಚಿನ ರಾಶಿಯೇ ಇರುತ್ತಲ್ವಾ, ಅದನ್ನು ಕಂಡರೆ ಅವಳಿಗೆ ಆಗುವುದೇ ಇಲ್ಲ. ಹಮ್ಮಸ್ ಬಗ್ಗೆ ಲೆಬನಾನಿನವರ ಅಭಿಮಾನ ಎಂಥದ್ದು ಅಂದರೆ, 2010ರಲ್ಲಿ ಒಂದೇ ಸಲಕ್ಕೆ 10,452 ಕೆಜಿ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅವರ ದೇಶದ ವಿಸ್ತೀರ್ಣವೂ 10,452 ಚದರ ಕಿಲೋಮೀಟರ್! ಬೇಕಂತಲೇ ಲೆಕ್ಕ ಇಟ್ಟು ಮಾಡಿದ್ದು.

ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು, ಇಬ್ಬರಿಗೂ ಧಾರಾಳವಾಗಿ ಆಯಿತು. ಹಿಟ್ಟಿನೊಳಗೆ ಪಾಲಕ್ ತುಂಬಿ ಬೇಯಿಸಿದ ಫತಾಯರ್ ಮತ್ತೆ ಮತ್ತೆ ತರಿಸಿದೆವು. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ್ದನ್ನು ಮಾತ್ರ ವಿಚಾರಿಸಿ ತಗೊಳ್ಳಿ. ಎಣ್ಣೆಯಲ್ಲಿ ಮಾಡಿ ತಣ್ಣಗೆ ಕೊಡುವುದರಲ್ಲಿ ಮಾಂಸ ಇರುವುದಿಲ್ಲ, ಬಿಸಿಯಾಗಿ ಬರುವುದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಗೋಧಿ ನುಚ್ಚು ಸೇರಿಸಿ ಮಾಡುವ ಕಿಬ್ಬೆ ಉಂಡೆಯೂ ಸಾಮಾನ್ಯವಾಗಿ ಮಾಂಸದ್ದೇ.

ನನಗೆ ಊಟಕ್ಕಿಂತ ಹಿಡಿಸಿದ್ದು ಕೈಗಳ ಓಡಾಟ. ಈ ಊರಿನಲ್ಲಿ ಗೆಳೆಯರು ಸೇರಿದರೂ ಅವರವರ ತಟ್ಟೆ, ಅವರವರ ಬಿಲ್ಲು, ಎದುರಿಗಿದ್ದವರು ಏನು ತಿಂದರು ಅಂತಲೂ ಗೊತ್ತಾಗುವುದಿಲ್ಲ. ಅವತ್ತು ನಮ್ಮ ಜೊತೆ ಹೊಸದಾಗಿ ಲಂಡನ್ನಿಗೆ ಬಂದ ಒಬ್ಬ ಹುಡುಗ ಇದ್ದ, ಬಂದಾಗಿನಿಂದ ಬಾಯೇ ಬಿಟ್ಟಿರಲಿಲ್ಲ, ಆದರೆ ತೂಮ್ ಅನ್ನುವ ಬೆಳ್ಳುಳ್ಳಿ ಚಟ್ನಿಯ ಬಟ್ಟಲು ಅವನ ಕಡೆಗಿತ್ತು, ಎಲ್ಲರೂ ಅವನನ್ನೇ ಕೇಳಬೇಕು, ಕೊಡ್ತಾ ಕೊಡ್ತಾ ಅವನೂ ಮಾತಿಗಿಳಿದ. ಕೊನೆಯ ಸಿಹಿ ಕುನಾಫಾ ಬರುವ ಹೊತ್ತಿಗೆ ತನ್ನ ಮನೆ ಹುಡುಕಾಟದ ಕಷ್ಟವನ್ನೆಲ್ಲ ಹೇಳಿಕೊಂಡಿದ್ದ, ಇಬ್ಬರು ಅಲ್ಲೇ ಫೋನ್ ತೆಗೆದು ಗುರುತಿನವರಿಗೆ ಮೆಸೇಜ್ ಹಾಕಿದರು.

ಕೊನೆಗೆ ಏಲಕ್ಕಿ ಹಾಕಿದ ಕಾಫಿ. ಬಿಲ್ ಕೇಳೋಣ ಅಂದರೆ ಅದು ಆಗಲೇ ಆಗಿಹೋಗಿತ್ತು, ಕೈ ತೊಳೆದು ಬರ್ತೀನಿ ಅಂತ ಎದ್ದ ಗೆಳತಿ ದುಡ್ಡು ಕೊಟ್ಟೇ ಬಂದಿದ್ದಳು. "ನಮ್ಮ ರಸ್ತೆಗೆ ಬಂದು ನೀವು ಕೊಡೋದಾ?" ಅಂದಳು. ಮುಂದಿನ ಸಲ ನಾನು ಕೂರುವ ಮೊದಲೇ ಕೌಂಟರಿನಲ್ಲಿ ಕಾರ್ಡ್ ಕೊಟ್ಟಿರುತ್ತೇನೆ, ಅವಳಿಗೆ ಯಾರೂ ಹೇಳಬೇಡಿ.