ಪ್ಲೌ ಲೇನ್‌ನ ಪಾಲುಪಟ್ಟಿ

ವಿಂಬಲ್ಡನ್ ಎಂದೊಡನೆ ಟೆನಿಸ್ಸನ್ನೇ ನೆನೆಯುವ ನಮ್ಮವರ ರೂಢಿಯನ್ನು ಬದಿಗಿಟ್ಟು, ಲಂಡನ್ನಿನ ಹೇಡನ್ಸ್ ರೋಡ್ ನಿಲ್ದಾಣದಲ್ಲಿ ಇಳಿದ ನಾನು ಪ್ಲೌ ಲೇನ್ ಕಡೆಗೆ ನಡೆದೆ. ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ 1912ರಿಂದ 1991ರವರೆಗೆ ಆಡಿದ ಮೈದಾನದಲ್ಲಿ ಈಗ ವಸತಿ ಸಮುಚ್ಚಯ ಎದ್ದಿದೆ. ಅದರ ಹೆಸರು ರೆನಾಲ್ಡ್ಸ್ ಗೇಟ್. ಹವ್ಯಾಸಿ ತಂಡಗಳ 1963ರ ಅಮೆಚೂರ್ ಕಪ್ ಫೈನಲ್‌ನಲ್ಲಿ ತಂಡದ ನಾಲ್ಕೂ ಗೋಲುಗಳನ್ನು ತಲೆಯಿಂದಲೇ ಹೊಡೆದ ಎಡ್ಡಿ ರೆನಾಲ್ಡ್ಸ್ ಅವರ ನೆನಪು ಅದು. ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ 1988ರ ಫೈನಲ್‌ನಲ್ಲಿ ಲಿವರ್‌ಪೂಲನ್ನು 1-0ರಿಂದ ಮಣಿಸಿದವರ ಮನೆಯಂಗಳ ಇದೇ ಎಂದು ಆ ಬಾಲ್ಕನಿಗಳ ಕೆಳಗೆ ನಿಂತು ನಂಬುವುದು ಕಷ್ಟವಾಯಿತು.

1991ರಿಂದ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಪರರ ಮೈದಾನದಲ್ಲಿ ಆಡುತ್ತಿದ್ದ ಕ್ಲಬ್ಬನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಮೂವರು ಸದಸ್ಯರ ಆಯೋಗ 2002ರ ಮೇ ತಿಂಗಳಲ್ಲಿ 2-1 ಬಹುಮತದಿಂದ ಒಪ್ಪಿಗೆ ನೀಡಿತು. ಕೆಲವೇ ವಾರಗಳಲ್ಲಿ ಬೆಂಬಲಿಗರು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನ ಹುಲ್ಲಿನ ಮೇಲೆ ಆಟಗಾರರನ್ನು ಆರಿಸಿಕೊಂಡು ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಹಳೆಯ ಕ್ಲಬ್ 2003ರಲ್ಲಿ ಊರು ಬಿಟ್ಟಿತು, ಮರುವರ್ಷ ಎಂಕೆ ಡಾನ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಆಮೇಲೆ ನಡೆದದ್ದು ದಾಯಾದಿಗಳ ಪಾಲುಪಟ್ಟಿಯೇ ಸರಿ. ಲೀಗ್‌ನ ಸ್ಥಾನವೂ ಆಟಗಾರರೂ ಮಿಲ್ಟನ್ ಕೀನ್ಸ್ ಪಾಲಾದರು. ಆದರೆ 2007ರಲ್ಲಿ ಎಫ್‌ಎ ಕಪ್ಪಿನ ಪ್ರತಿಕೃತಿಯನ್ನೂ ಹಳೆಯ ಸ್ಮರಣಿಕೆಗಳನ್ನೂ ಎಂಕೆ ಡಾನ್ಸ್, ವಿಂಬಲ್ಡನ್ ಸೇರಿರುವ ಲಂಡನ್ನಿನ ಆಡಳಿತ ವಿಭಾಗವಾದ ಮರ್ಟನ್ ಬರೋದ ಕೌನ್ಸಿಲ್‌ಗೆ ಒಪ್ಪಿಸಿ, ತನ್ನ ಚರಿತ್ರೆಯನ್ನು 2004ರಿಂದ ಎಣಿಸತೊಡಗಿತು. ಎರಡು ಮಕ್ಕಳು ಜಗ್ಗಾಡುತ್ತಿದ್ದ ಆಸ್ತಿಯನ್ನು ಊರಿನ ಸುಪರ್ದಿಗೆ ಕೊಟ್ಟ ಈ ಏರ್ಪಾಡು ನನಗೆ ನ್ಯಾಯವೆನಿಸಿತು, ಒಂದು ಬಾಕಿಯನ್ನು ಬಿಟ್ಟು: ವಿಂಬಲ್ಡನ್ನಿನ ಅಡ್ಡಹೆಸರಾದ ‘ಡಾನ್ಸ್’ ಮಿಲ್ಟನ್ ಕೀನ್ಸ್‌ನ ಕ್ಲಬ್ಬಿನ ಹೆಸರಿನಲ್ಲೇ ಉಳಿಯಿತು. 2017ರ ಪಂದ್ಯವೊಂದರಲ್ಲಿ ಎಎಫ್‌ಸಿ ವಿಂಬಲ್ಡನ್ ತನ್ನ ಅಂಗಳದಲ್ಲಿ ಎದುರಾಳಿ ಎಂಕೆ ಡಾನ್ಸನ್ನು, ‘ಡಾನ್ಸ್’ ಬಿಟ್ಟು, ಬರಿದೇ ‘ಮಿಲ್ಟನ್ ಕೀನ್ಸ್’ ಎಂದು ನಮೂದಿಸಿದ್ದಕ್ಕೆ ಲೀಗ್ ಆಡಳಿತ ಶಿಸ್ತುಕ್ರಮಕ್ಕೆ ಮುಂದಾಯಿತು. ಅದನ್ನು ಸಣ್ಣತನವೆನ್ನುವವರು ಇದ್ದಾರು. ಹೆಸರು ಕಳೆದುಕೊಂಡವರ ಹಟ ನನಗಂತೂ ಸಹಜವಾಗಿಯೇ ಕಂಡಿತು.

ರೆನಾಲ್ಡ್ಸ್ ಗೇಟ್‌ನಿಂದ ಹೊಸ ಕ್ರೀಡಾಂಗಣಕ್ಕೆ ಕೆಲವೇ ನಿಮಿಷಗಳ ನಡಿಗೆ. ಹಿಂದೆ ನಾಯಿಗಳ ಓಟದ ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ ಅದನ್ನು ಕಟ್ಟಿ, 29 ವರ್ಷಗಳ ಬಳಿಕ 2020ರ ನವೆಂಬರಿನಲ್ಲಿ ಎಎಫ್‌ಸಿ ವಿಂಬಲ್ಡನ್ ಪ್ಲೌ ಲೇನ್‌ಗೆ ಮರಳಿತು. ಕೋವಿಡ್ ಕಾಲವಾದ್ದರಿಂದ ಆ ಮೊದಲ ಪಂದ್ಯಕ್ಕೆ ಒಬ್ಬ ಬೆಂಬಲಿಗನನ್ನೂ ಒಳಗೆ ಬಿಟ್ಟಿರಲಿಲ್ಲ.