ಜಪಾನಿನ ಶಾಲೆಯಲ್ಲಿ ಮೊದಲ ವಾರ

ಜಪಾನಿನ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದೇನೆ. 2020ರಿಂದ ಇಲ್ಲಿ ಐದು, ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯ. ಮೂರು, ನಾಲ್ಕರವರಿಗೆ ಜಾಸ್ತಿ ಮಾತು, ಹಾಡು, ಆಟವೇ. ನನಗಂತೂ ಈ ಚಿಕ್ಕವರೇ ಇಷ್ಟ. ತಪ್ಪಾದರೂ ಕೂಗಿ ಹೇಳುತ್ತಾರೆ.

ಆರನೇ ತರಗತಿಯವರು ಹಾಗಲ್ಲ. ಪ್ರಶ್ನೆ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ಗೊತ್ತಿಲ್ಲ ಅಂತಲ್ಲ, ಎಲ್ಲರೆದುರು ತಪ್ಪಾದರೆ ಎಂಬ ಅಳುಕು. ದೊಡ್ಡವರಿಗೂ ಇದೆ ಅಲ್ವಾ ಅದು? ಇಬ್ಬಿಬ್ಬರಾಗಿ ಮಾತಾಡಿ ಅಂದರೆ ಮಾತ್ರ ಗಲಾಟೆಯೋ ಗಲಾಟೆ!

ಊಟ ಕ್ಲಾಸಿನಲ್ಲೇ, ಮಕ್ಕಳೇ ಬಡಿಸುತ್ತಾರೆ. ಕಸ ಗುಡಿಸುವುದೂ ಅವರೇ. ಪಾಠದಲ್ಲಿ ಬಾಯೇ ಬಿಡದ ಹುಡುಗನೊಬ್ಬ ಪೊರಕೆ ಹಿಡಿದುಕೊಂಡು, ನಿಮಗೆ ಯಾವ ಬಣ್ಣ ಇಷ್ಟ ಅಂತ ಇಂಗ್ಲಿಷಿನಲ್ಲೇ ಕೇಳಿದ. ಪಾಠವನ್ನೇ ಗುಡಿಸುವ ಹೊತ್ತಿಗೆ ಹಾಕಿಬಿಡಬೇಕು ಅನ್ನಿಸಿತು.